ಏರೀ ಮನೆಯ ಕಂಬಗಳು

ಕೇಳುಗರಿಗೆ ನಮಸ್ಕಾರ.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಮನೆಗಳಿಗೆ ಹಾಹಾಕಾರ. ಇಟ್ಟಿಗೆ ಸಾಲದು, ಗಾರೆ ಕೆಲಸದವರೂ ಸಾಲರು. ಹಾಗಾಗಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ತಂದು ಜೋಡಿಸುವ ಮನೆಗಳು ಬಂದವು. ಲೀಡ್ಸ್‌ನ ಸರ್ ಎಡ್ವಿನ್ ಏರೀ ರೂಪಿಸಿದ ಮನೆ ಅವುಗಳಲ್ಲೊಂದು. ಸುಮಾರು 26,000 ಎದ್ದು ನಿಂತವು. ಸಣ್ಣ ಸಣ್ಣ ಕಂಬಗಳ ಸಾಲು, ಅವಕ್ಕೆ ತಾಮ್ರದ ತಂತಿಯಿಂದ ಬಿಗಿದ ಕಾಂಕ್ರೀಟ್ ಹಲಗೆ. ಕಂಬದೊಳಗೆ ಸೇನಾ ವಾಹನಗಳ ಚೌಕಟ್ಟಿನಿಂದ ಬಿಚ್ಚಿ ತಂದ ಉಕ್ಕಿನ ಕೊಳವೆ.

ತೊಂದರೆಯ ಬೇರು ಆ ಕಂಬದಲ್ಲಿದೆ. ಹೊಸ ಕಾಂಕ್ರೀಟಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 12ಕ್ಕೂ ಮೇಲೆ; ಅಷ್ಟು ಕ್ಷಾರ. ಆ ಕ್ಷಾರವೇ ಉಕ್ಕನ್ನು ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದರೆ ಪಿಎಚ್ 9ಕ್ಕೂ ಕೆಳಗೆ ಬರುತ್ತದೆ, ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ್ದಲ್ಲಿ ತುಕ್ಕಿಗೆ ಇನ್ನೂ ಅವಸರ. ತುಕ್ಕು ಉಬ್ಬಿ ಕಂಬ ಉದ್ದಕ್ಕೆ ಸೀಳುತ್ತದೆ, ಹೊರಗಿನ ಹಲಗೆ ಮಾತ್ರ ನೆಟ್ಟಗೇ ಕಾಣುತ್ತದೆ. 1980ರ ದಶಕದ ಆರಂಭದಲ್ಲಿ, ಬೆಂಕಿ ಬಿದ್ದ ಒಂದು ಮನೆಯಿಂದಾಗಿ ಈ ಬಿರುಕು ಬಯಲಾಯಿತು. 1984ರ ವಸತಿ ದೋಷಗಳ ಕಾಯಿದೆ ಇಂಥ ಮನೆಗಳನ್ನು ದೋಷಯುಕ್ತವೆಂದು ಗುರುತಿಸಿ, ಅರ್ಹ ಮಾಲೀಕರಿಗೆ ದುರಸ್ತಿ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ 90ರಷ್ಟು ನೆರವು ಕೊಟ್ಟಿತು.

ಪರೀಕ್ಷೆ ಸುಲಭ. ಕಂಬದ ಚೂರೊಂದನ್ನು ಒಡೆದು, ಹೊಸ ಮುಖದ ಮೇಲೆ ಫಿನಾಲ್ಫ್ಥಲೀನ್ ಎಂಬ, ಕ್ಷಾರ ಸೋಕಿದರೆ ಬಣ್ಣ ಬದಲಿಸುವ ದ್ರಾವಣ ಸಿಂಪಡಿಸಬೇಕು. ಗುಲಾಬಿಯಾದರೆ ಅಲ್ಲಿ ಕ್ಷಾರ ಉಳಿದಿದೆ. ಬಣ್ಣ ಬಾರದ ಭಾಗ ಉಕ್ಕಿನವರೆಗೆ ಮುಟ್ಟಿದ್ದರೆ ಕಾವಲು ಹೋಯಿತೆಂದೇ ಲೆಕ್ಕ. ಆದರೆ ಕ್ಲೋರೈಡನ್ನು ಇದು ತೋರಿಸದು. ಅದಕ್ಕೆ ಕೊರೆದ ಪುಡಿ ಪ್ರಯೋಗಾಲಯಕ್ಕೆ ಹೋಗಬೇಕು.

ಇನ್ನು ದುರಸ್ತಿ. ಹೊರಗಿನಿಂದ ಉಷ್ಣನಿರೋಧಕ ಹೊದಿಸಿ ಗಿಲಾವು ಮಾಡಿದರೆ ಮನೆ ಬೆಚ್ಚಗಾಗುತ್ತದೆ, ಕಂಬಕ್ಕೆ ಬಲ ಬರುವುದಿಲ್ಲ. ಭಾರ ಹೊರುವುದನ್ನೇ ಬದಲಿಸಬೇಕು. ಮೊದಲು ಮಹಡಿಗೂ ಚಾವಣಿಗೂ ಉಕ್ಕಿನ ಊರುಗೋಲು ಕೊಡುತ್ತಾರೆ. ಆಮೇಲೆ ಒಂದೊಂದೇ ಅಂಕಣದ ಹಲಗೆ, ಕಂಬ ಕಳಚಿ, ಅಡಿಪಾಯ ಸಾಲದಿದ್ದರೆ ಅಗಲಿಸಿ, ಒಳಗೆ 100 ಮಿಲಿಮೀಟರ್ ಬ್ಲಾಕ್ ಗೋಡೆ, ನಡುವೆ ನಿರೋಧಕ, ಹೊರಗೆ ಇಟ್ಟಿಗೆ ಗೋಡೆ ಕಟ್ಟಿ, ಎರಡನ್ನೂ ಸ್ಟೇನ್‌ಲೆಸ್ ಉಕ್ಕಿನ ಕೊಂಡಿಗಳಿಂದ ಬೆಸೆಯುತ್ತಾರೆ. ಊರುಗೋಲು ಬೇಗ ತೆಗೆದರೆ ಭಾರ ಹಸಿ ಗೋಡೆಯ ಮೇಲೆ ಬೀಳುತ್ತದೆ; ಅವಸರ ಸಲ್ಲದು.

ಅವಳಿ ಮನೆಯಾದರೆ ಎರಡರ ನಡುವಿನ ಗೋಡೆಯನ್ನು ಮರೆಯಬಾರದು. ಅಲ್ಲಿ ಹಳೆಯ ಕಂಬ ಉಳಿದರೆ ದುರಸ್ತಿ ಅರ್ಧವೇ. ಸಾಲ ಕೊಡುವವರೂ ಹಿಂಜರಿಯುತ್ತಾರೆ. ಬ್ರಿಟನ್ನಿನಲ್ಲಿ ಇಂಥ ಮನೆ ಕೊಳ್ಳಲು ನೋಡುತ್ತಿರುವ ನಮ್ಮವರು ಹೊಸ ಇಟ್ಟಿಗೆ ಕಂಡು ಸಮಾಧಾನಪಡದೆ, ದುರಸ್ತಿ ಮಾನ್ಯ ವಿಧಾನದಲ್ಲೇ ನಡೆದಿದೆ ಎಂಬ ಎಂಜಿನಿಯರರ ಪ್ರಮಾಣಪತ್ರವನ್ನು ಮುಂಗಡ ಕೊಡುವ ಮೊದಲೇ ಕೇಳಿ ಓದಲಿ.