ಮಳೆ ಜೋರಾದರೆ ಎದೆ ಹೊಡೆದುಕೊಳ್ಳುತ್ತದಾ?

ನಮಸ್ಕಾರ. ನನ್ನ ಮಾತಿನ ಹಿಂದೆ ಮಳೆ ಶಬ್ದ ಕೇಳುತ್ತಿರಬಹುದು, ಇರಲಿ ಬಿಡಿ. ಇವತ್ತಿನ ಮಾತು ಈ ಮಳೆ ತರುವ ಭಯದ ಬಗ್ಗೆಯೇ, ಅದನ್ನು ಓಡಿಸದೆ ಗಮನವಿಟ್ಟು ನೋಡುವ ಅಭ್ಯಾಸದ ಬಗ್ಗೆ.

2018ರ ಆಗಸ್ಟ್ ಆದ ಮೇಲೆ ಕೊಡಗಿನಲ್ಲಿ ಮಳೆ ಮೊದಲಿನ ಮಳೆಯಾಗಿ ಉಳಿದಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಅಂತ ಹೆಸರು ಹೇಳಿದರೆ ಸಾಕು, ಜಾರಿದ ಗುಡ್ಡ ಕಣ್ಣ ಮುಂದೆ ಬರುತ್ತದೆ. ಮರುವರ್ಷ ತೋರ ಗ್ರಾಮದಲ್ಲಿ ಗುಡ್ಡ ಜಾರಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೂ ರಾತ್ರಿ ಎರಡು ಗಂಟೆಗೆ ಶೀಟಿನ ಮೇಲೆ ಮಳೆ ಜೋರಾದರೆ ನಾನು ಎದ್ದು ಕೂರುತ್ತೇನೆ, ಅಂಗೈ ಬೆವರುತ್ತದೆ, ಹಿಂದಿನ ಬರೆಯಲ್ಲಿ, ಅಂದರೆ ಮನೆ ಹಿಂದಿನ ಮಣ್ಣಿನ ದಿಬ್ಬದಲ್ಲಿ, ಮಣ್ಣು ಕುಸಿಯುವ ಸದ್ದು ಬಂತೇನೋ ಅಂತ ಕಿವಿ ಅಲ್ಲೇ ಇರುತ್ತದೆ.

ಒಂದು ಧ್ಯಾನ ಶಿಬಿರದಲ್ಲಿ ಇದನ್ನು ಹೇಳಿಕೊಂಡೆ. ಮನಸ್ಸನ್ನು ಖಾಲಿ ಮಾಡಿ, ಭಯ ತಾನಾಗೇ ಹೋಗುತ್ತದೆ ಅಂದರು. ಮಾಡಿ ನೋಡಿದೆ. ಭಯ ಹೋಗಲಿಲ್ಲ. ಜೊತೆಗೆ, ನನಗೆ ಇದೂ ಬರುವುದಿಲ್ಲವಲ್ಲ ಅನ್ನೋ ಸಂಕಟ ಬೇರೆ ಸೇರಿಕೊಂಡಿತು. ಆ ಸಲಹೆ ತಪ್ಪು. ಎಷ್ಟೋ ಜನ ಅದನ್ನೇ ಕೇಳಿ, ಒಂದು ವಾರ ಕೂತು, ಬಿಟ್ಟುಬಿಡುತ್ತಾರೆ. ಅದಕ್ಕೇ ಇದನ್ನು ಹೇಳಲೇಬೇಕು ಅನ್ನಿಸಿತು.

ತೋಟದ ಮನೆಯಲ್ಲಿ ನಾಯಿ ಇರುತ್ತದಲ್ವಾ? ಆನೆ ಬಂದರೂ ಬೊಗಳುತ್ತದೆ, ಒಣಗಿದ ಸೋಗೆ ಬಿದ್ದರೂ ಬೊಗಳುತ್ತದೆ. ಬೊಗಳಿತು ಅಂತ ನಾಯಿಯನ್ನು ಯಾರೂ ಓಡಿಸುವುದಿಲ್ಲ. ಟಾರ್ಚ್ ಹಿಡಿದು, ಜಗಲಿಯಿಂದಲೇ ಏನು ಅಂತ ನೋಡುತ್ತೇವೆ. ನಮ್ಮ ಮಿದುಳಿನಲ್ಲೂ ಹಾಗೇ. ಕಿವಿಯ ನೇರಕ್ಕೆ ಒಳಗೆ, ಎರಡೂ ಕಡೆ, ಬಾದಾಮಿ ಆಕಾರದ ಒಂದು ಭಾಗ ಇದೆ. ಅಮಿಗ್ಡಲಾ ಅಂತ ಹೆಸರು. ಅಪಾಯದ ಸುಳಿವು ಸಿಕ್ಕರೆ ಮೊದಲು ಎಚ್ಚೆತ್ತುಕೊಳ್ಳುವ ಜಾಗಗಳಲ್ಲಿ ಅದೂ ಒಂದು. ನಾವು ಯೋಚನೆ ಮಾಡುವ ಮೊದಲೇ ಎದೆಬಡಿತ ಏರಿರುತ್ತದೆ. ಟಾರ್ಚ್ ಹಿಡಿಯುವ ಕೆಲಸ ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ನದು.

ಮೈಂಡ್‌ಫುಲ್‌ನೆಸ್ ತರಬೇತಿ ಅಂದರೆ, ನನ್ನ ಮಟ್ಟಿಗೆ, ಈ ಟಾರ್ಚ್ ಹಿಡಿಯುವ ಅಭ್ಯಾಸ. ಭಯ ಬಂತು, ಎದೆಯಲ್ಲಿ ಬಿಗಿ ಇದೆ, ಉಸಿರು ಮೇಲೆ ಮೇಲೆ ಆಡುತ್ತಿದೆ, ಅಂತ ನೋಡುವುದು. ನೋಡಿ, ಅದಕ್ಕೊಂದು ಹೆಸರು ಕೊಡುವುದು. ಈ ಹೆಸರು ಕೊಡುವುದು ಸಣ್ಣ ವಿಷಯ ಅಲ್ಲ. 2007ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ತಂಡ ಜನರಿಗೆ ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿತು. ಆ ಮುಖದ ಭಾವಕ್ಕೆ ಸರಿಯಾದ ಪದ ಆರಿಸಿದಾಗ ಅಮಿಗ್ಡಲಾದ ಅಬ್ಬರ ಕಡಿಮೆ ಆಗಿತ್ತು, ಪ್ರಿಫ್ರಂಟಲ್‌ನ ಬಲಭಾಗದಲ್ಲಿ ಚಟುವಟಿಕೆ ಜಾಸ್ತಿ ಆಗಿತ್ತು.

ನಾವೇನು ಮಾಡುತ್ತೇವೆ? ಎಲ್ಲದಕ್ಕೂ ಒಂದೇ ಪದ, ಟೆನ್ಷನ್. ಕಾಫಿ ರೇಟ್ ಇಳಿದರೂ ಟೆನ್ಷನ್, ಮಗಳು ಫೋನ್ ಎತ್ತದಿದ್ದರೂ ಟೆನ್ಷನ್. ಕನ್ನಡದಲ್ಲಿ ದಿಗಿಲು ಇದೆ, ತಳಮಳ ಇದೆ, ಕಸಿವಿಸಿ, ಗಾಬರಿ, ಅಳುಕು, ಬೇಗುದಿ. ಒಂದೊಂದೂ ಬೇರೆ. ರಾತ್ರಿ ಎರಡು ಗಂಟೆಗೆ ನನಗೆ ಬರುವುದು ದಿಗಿಲು. ಬೆಳಿಗ್ಗೆವರೆಗೂ ಉಳಿಯುವುದು ತಳಮಳ. ಅದು ಗೊತ್ತಾದ ದಿನದಿಂದ ನನಗೆ ಸ್ವಲ್ಪ ಹಿಡಿತ ಸಿಕ್ಕಿತು. ಮನೆಮಾತು ಕೊಡವ ತಕ್ಕ್, ಅರೆಭಾಷೆ, ತುಳು ಯಾವುದೇ ಆಗಿರಲಿ, ನಿಮಗೆ ಒಳಗಿನಿಂದ ಬರುವ ಪದವನ್ನೇ ಬಳಸಿ.

ಈಗ ಸ್ವಲ್ಪ ಕಹಿ ಮಾತು. ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸ್ ಮಾಡಿದರೆ ಮಿದುಳಿನ ಆಕಾರವೇ ಬದಲಾಗುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಈ ಕೋರ್ಸ್ ಶುರುವಾಗಿದ್ದು 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಜಾನ್ ಕಬಾಟ್-ಜಿನ್ ಎಂಬುವರಿಂದ. ಮೊದಲ ಕೆಲವು ಸಣ್ಣ ಅಧ್ಯಯನಗಳಲ್ಲಿ ಮಿದುಳಿನ ರಚನೆ ಬದಲಾದ ಹಾಗೆ ಕಂಡಿತ್ತು. 2022ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 200ಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡು ನೋಡಿದಾಗ ಅದು ಕಾಣಲಿಲ್ಲ. ಹಾಗಂತ ಏನೂ ಆಗುವುದಿಲ್ಲ ಅಂತಲ್ಲ. ಅದೇ ವಿಶ್ವವಿದ್ಯಾಲಯದ ತಂಡ 2018ರಲ್ಲಿ, ಕೋರ್ಸ್ ಮುಗಿಸಿದವರು ಚಿತ್ರಗಳನ್ನು ನೋಡುವಾಗ ಅಮಿಗ್ಡಲಾ ಮತ್ತು ಪ್ರಿಫ್ರಂಟಲ್‌ನ ಒಂದು ಭಾಗ ಹೆಚ್ಚು ಹೊಂದಿಕೊಂಡು ಕೆಲಸ ಮಾಡಿದ್ದನ್ನು ಕಂಡಿತ್ತು. ಗೋಡೆ ಬದಲಾಗಿಲ್ಲ, ಒಳಗಿನ ಓಡಾಟ ಬದಲಾಗಿದೆ ಅಂದುಕೊಳ್ಳಿ. 2022ರಲ್ಲೇ ಬಂದ ಇನ್ನೊಂದು ಅಧ್ಯಯನದಲ್ಲಿ, ಆತಂಕದ ಕಾಯಿಲೆ ಇದ್ದವರಿಗೆ ಈ ಕೋರ್ಸ್ ಆತಂಕಕ್ಕೆ ಕೊಡುವ ಎಸಿಟಾಲೊಪ್ರಾಮ್ ಮಾತ್ರೆಗಿಂತ ಕಡಿಮೆಯೇನೂ ಆಗಿರಲಿಲ್ಲ. ಇದನ್ನು ಕೇಳಿ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಡಾಕ್ಟರ ಹತ್ತಿರ ಮಾತಾಡದೆ ನಿಲ್ಲಿಸಲೇಬೇಡಿ.

ಮತ್ತೆ, 2018ರಲ್ಲಿ ಮನೆ ಕಳಕೊಂಡವರಿಗೆ, ಮನೆಯವರನ್ನು ಕಳಕೊಂಡವರಿಗೆ ಕಣ್ಣು ಮುಚ್ಚಿ ಉಸಿರು ನೋಡಿ ಅಂತ ನಾನು ಹೇಳುವುದಿಲ್ಲ. ಕಣ್ಣು ಮುಚ್ಚಿದರೆ ಅದೇ ರಾತ್ರಿ ವಾಪಸ್ ಬರಬಹುದು. ಕಣ್ಣು ಬಿಟ್ಟುಕೊಂಡೇ ಇರಿ, ಪಾದ ನೆಲಕ್ಕೆ ತಾಗಿರುವುದನ್ನು ನೋಡಿ. ಕಷ್ಟ ಆದರೆ ಅಲ್ಲಿಗೇ ನಿಲ್ಲಿಸಿ, ಮಾತಾಡಲು ಒಬ್ಬರನ್ನು ಹುಡುಕಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ, ಸರ್ಕಾರದ್ದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಬರೆಯ ಕೆಳಗೆ ಮನೆ ಇದ್ದವರ ಭಯ ಸುಮ್ನೆ ಹುಟ್ಟಿದ ಭಯ ಅಲ್ಲ. ಬಿರುಕು ಬಿಟ್ಟಿದ್ದರೆ, ಕೆಂಪು ನೀರು ಇಳಿಯುತ್ತಿದ್ದರೆ ಉಸಿರು ನೋಡುತ್ತಾ ಕೂರಬೇಡಿ, ಮನೆಯವರನ್ನು ಎಬ್ಬಿಸಿ ಹೊರಡಿ.

ನಿನ್ನೆ ರಾತ್ರಿಯೂ ಎಚ್ಚರ ಆಯಿತು ನನಗೆ. ದಿಗಿಲು ಅಂದೆ, ಬಾಯಿಬಿಟ್ಟೇ ಅಂದೆ. ಕಿಟಕಿಯಿಂದ ಬರೆ ಕಡೆ ಟಾರ್ಚ್ ಬಿಟ್ಟು ನೋಡಿದೆ. ಮಣ್ಣು ಹಾಗೇ ಇತ್ತು. ಮತ್ತೆ ಮಲಗಲು ಅರ್ಧ ಗಂಟೆ ಹಿಡಿಯಿತು, ಹೋದ ವರ್ಷ ಬೆಳಗಾಗುತ್ತಿತ್ತು.