ಮುರುಗಲಿಗೊಂದು ಲೆಕ್ಕ, ಬಾಟಲಿಗೊಂದು ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ. ಶಿರಸಿ, ಸಿದ್ದಾಪುರ, ಕುಮಟಾ ಕಡೆ ಹಣ್ಣಿನ ಸಂಸ್ಕರಣಾ ಘಟಕ ನಡೆಸುತ್ತ, ದಾಸ್ತಾನು ನೋಡಿಕೊಳ್ಳಲು ತಂತ್ರಾಂಶ ಕೊಳ್ಳುವ ಯೋಚನೆಯಲ್ಲಿರುವವರಿಗೆ ಇಂದಿನ ಮಾತು. ಹಣ್ಣು, ಸಕ್ಕರೆ, ಬಾಟಲಿ ಮೂರನ್ನೂ ಒಂದೇ ಸೂತ್ರಕ್ಕೆ ಒಪ್ಪಿಸುವ ತಂತ್ರಾಂಶಕ್ಕೆ ದುಡ್ಡು ಸುರಿಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

1913ರಲ್ಲಿ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ ಪ್ರಕಟಿಸಿದ ಖರೀದಿ ಸೂತ್ರ ಇಂದಿಗೂ ಇಂಥ ತಂತ್ರಾಂಶಗಳಲ್ಲಿ ಬಳಕೆಯಲ್ಲಿದೆ. ಪ್ರತಿ ಸಲ ತರಿಸುವ ಖರ್ಚು ಮತ್ತು ಗೋದಾಮಿನಲ್ಲಿ ಇಟ್ಟುಕೊಳ್ಳುವ ಖರ್ಚು, ಇವೆರಡರ ಮೊತ್ತ ಅತಿ ಕಡಿಮೆಯಾಗುವ ಪ್ರಮಾಣವನ್ನು ಅದು ಹೇಳುತ್ತದೆ. ಬೇಡಿಕೆ ಇಮ್ಮಡಿಯಾದರೂ ಒಂದು ಸಲಕ್ಕೆ ತರಿಸುವ ಪ್ರಮಾಣ ಮೊದಲಿನ ಸುಮಾರು 1.41 ಪಟ್ಟು ಮಾತ್ರ ಆಗಬೇಕು ಎಂಬ ಅದರ ಫಲಿತಾಂಶ ಸಕ್ಕರೆಗೆ ಚೆನ್ನಾಗಿಯೇ ಹೊಂದುತ್ತದೆ.

ಮುರುಗಲಿಗೆ, ಅಂದರೆ ಕೋಕಂ ಹಣ್ಣಿಗೆ, ಹೊಂದುವುದಿಲ್ಲ. ಹಣ್ಣು ಬರುವುದು ಬೇಸಿಗೆಯಲ್ಲಿ, ಮಳೆ ಹಿಡಿದರೆ ಸಿಪ್ಪೆ ಒಣಗುವುದಿಲ್ಲ, ಆಗಸ್ಟಿನಲ್ಲಿ ದಾಸ್ತಾನು ಮುಗಿದರೆ ಮತ್ತೆ ತರಿಸಲು ಹಣ್ಣೇ ಇರುವುದಿಲ್ಲ. ವರ್ಷಕ್ಕೊಮ್ಮೆ ಮಾತ್ರ ಮಾಡಬಹುದಾದ ಇಂಥ ನಿರ್ಧಾರಕ್ಕೆ ಬೇಕಿರುವುದು ಪತ್ರಿಕೆ ಮಾರುವವನ ಲೆಕ್ಕ ಎಂದು ಕರೆಯುವ ವಿಧಾನ. ಉದಾಹರಣೆಗೆ, ಮಾಲು ಸಾಲದಿದ್ದರೆ ಬಾಟಲಿಗೆ 60 ರೂಪಾಯಿ ಲಾಭ ತಪ್ಪುತ್ತದೆ, ಉಳಿದರೆ 20 ರೂಪಾಯಿ ನಷ್ಟವಾಗುತ್ತದೆ ಎಂದುಕೊಳ್ಳೋಣ. 60ನ್ನು ಎರಡರ ಮೊತ್ತವಾದ 80ರಿಂದ ಭಾಗಿಸಿದರೆ 0.75; ಅಂದರೆ ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ಆಯಾ ವರ್ಷದ ಬೇಡಿಕೆಗೆ ಸಾಲುವಷ್ಟು ತಯಾರಿಸಬೇಕು. ಸರಾಸರಿ ಮಾರಾಟದಷ್ಟೇ ಮಾಡಿದರೆ ಸಾಕೆಂಬ ನಮ್ಮ ರೂಢಿ ಇಲ್ಲಿ ಸೋಲುತ್ತದೆ.

ಬಾಟಲಿಯ ತೊಂದರೆ ಬೇರೆ. ಅಲ್ಲಿ ಮುಖ್ಯವಾಗುವುದು ಮಾಲು ಬಂದು ತಲುಪುವ ಅವಧಿಯ ಏರುಪೇರು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಗಿದ್ದನ್ನು ಕಂಡ ಮೇಲೂ ಜನವರಿಗೂ ಜುಲೈಗೂ ಒಂದೇ ಕಾಪು ದಾಸ್ತಾನು (ಮಾಲು ತಡವಾದರೆ ಇರಲೆಂದು ಇಟ್ಟುಕೊಳ್ಳುವ ಹೆಚ್ಚುವರಿ ದಾಸ್ತಾನು) ಸೂಚಿಸುವ ತಂತ್ರಾಂಶ ಉತ್ತರ ಕನ್ನಡ ಜಿಲ್ಲೆಗೆ ಉಪಯೋಗವಿಲ್ಲ.

ಇನ್ನು ಕೆಲಸದ ಸರದಿಗೆ ತಂತ್ರಾಂಶವೇ ಬೇಕೆಂದಿಲ್ಲ. ಪ್ರತಿ ಮಾಲೂ ಮೊದಲು ಕುದಿಸುವ ಪಾತ್ರೆಗೆ, ಆಮೇಲೆ ತುಂಬುವ ಯಂತ್ರಕ್ಕೆ ಹೋಗುವ ಘಟಕಕ್ಕೆ 1954ರ ಜಾನ್ಸನ್ ನಿಯಮವೊಂದೇ ಸಾಕು: ಎಲ್ಲ ಅವಧಿಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ, ಅದು ಕುದಿಸುವುದಾದರೆ ಆ ಕೆಲಸವನ್ನು ಮೊದಲಿಗೆ, ತುಂಬುವುದಾದರೆ ಕೊನೆಗೆ ಹಾಕಿ, ಉಳಿದವಕ್ಕೂ ಹೀಗೆಯೇ ಮಾಡುತ್ತ ಹೋಗುವುದು. ಹಲಸಿನ ಹಲ್ವಕ್ಕೆ 4 ಗಂಟೆ ಕುದಿ, 1 ಗಂಟೆ ತುಂಬುವಿಕೆ. ಅನಾನಸ್ ಪಾನಕಕ್ಕೆ 3 ಮತ್ತು 3. ಮುರುಗಲು ಸಿರಪ್ಪಿಗೆ 1 ಮತ್ತು 3 ಎಂದಿಟ್ಟುಕೊಳ್ಳಿ. ಇದೇ ಕ್ರಮದಲ್ಲಿ ಮಾಡಿದರೆ 13 ಗಂಟೆ ಹಿಡಿಯುತ್ತದೆ, ಕ್ರಮವನ್ನು ತಿರುವಿಟ್ಟರೆ 9 ಗಂಟೆಗೆ ಮುಗಿಯುತ್ತದೆ. ಕಾಗದದ ಮೇಲೆ ಐದು ನಿಮಿಷದ ಕೆಲಸವಿದು. ಮಾರಲು ಬಂದವರು ಇದನ್ನೇ ಕೃತಕ ಬುದ್ಧಿಮತ್ತೆ ಎಂದು ತೋರಿಸಿದರೆ ನಕ್ಕುಬಿಡಿ.

ಅವರ ಮುಂದೆ ಒಂದೇ ಪ್ರಶ್ನೆ ಇಡಿ: ಇಷ್ಟು ಕೊಳ್ಳಿ ಎಂದು ಪರದೆ ಹೇಳಿದಾಗ, ಯಾವ ಬೇಡಿಕೆ, ಯಾವ ನಷ್ಟ, ಎಷ್ಟು ದಿನದ ವಿಳಂಬ ಹಿಡಿದು ಹೇಳಿತೆಂಬುದನ್ನು ತೋರಿಸುತ್ತದೆಯೇ, ಆ ಅಂಕಿಗಳನ್ನು ನಾವೇ ತಿದ್ದಲು ಬಿಡುತ್ತದೆಯೇ? ಇಲ್ಲವೆಂದರೆ ಚೆಕ್ ಪುಸ್ತಕ ತೆರೆಯಬೇಡಿ.