ಬೀಟ್‌ರೂಟ್ ತಿಂದ ಗೋಲ್ಡ್‌ಫಿಶ್

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಹಿಡಿದುಕೊಂಡಿದೆ, ಆದರೂ ಇಷ್ಟು ಜನ ಬಂದಿದ್ದೀರಿ. ಸಾಗರ, ತೀರ್ಥಹಳ್ಳಿ ಕಡೆಯಿಂದ ಬಂದವರೂ ಕಾಣಿಸುತ್ತಿದ್ದಾರೆ. ಅಕ್ವೇರಿಯಂ ಮೀನಿಗೆ ಬಣ್ಣ ಬರಿಸುವ ಆಹಾರದ ಬಗ್ಗೆ ಮಾತಾಡಿ ಅಂದಿದ್ದಾರೆ. ನಾನು ಏಡಿಯಿಂದ ಶುರು ಮಾಡುತ್ತೇನೆ.

ಮಳೆಗಾಲದಲ್ಲಿ ಗದ್ದೆ ಬದುವಿನಲ್ಲಿ ಏಡಿ ಹಿಡಿದವರು ಇಲ್ಲಿ ಸುಮಾರು ಜನ ಇರಬೇಕು. ಹಿಡಿದಾಗ ಅದು ಕೆಸರಿನ ಬಣ್ಣ. ಕುದಿಯುವ ನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೆ ಚಿಪ್ಪು ಕೆಂಪಗಾಗುತ್ತದೆ. ಆ ಕೆಂಪು ಹೊಸದಾಗಿ ಹುಟ್ಟಿದ್ದಲ್ಲ, ಚಿಪ್ಪಿನಲ್ಲಿ ಮೊದಲೇ ಇತ್ತು. ಒಂದು ಪ್ರೊಟೀನ್ ಅದನ್ನು ಕಟ್ಟಿಹಾಕಿತ್ತು, ಬಿಸಿಗೆ ಕೈಬಿಟ್ಟಿತು. ಆ ಕೆಂಪಿನ ಹೆಸರು ಅಸ್ಟಾಕ್ಸಾಂಥಿನ್. ನಿಮ್ಮ ತೊಟ್ಟಿಯ ಗೋಲ್ಡ್‌ಫಿಶ್ ಕೆಂಪಗಿದ್ದರೆ ಅದರ ಮೈಯಲ್ಲೂ ಇರುವುದು ಬಹುಪಾಲು ಅದೇ.

ಇದು ಕ್ಯಾರೊಟಿನಾಯ್ಡ್ ಅನ್ನುವ ದೊಡ್ಡ ಕುಟುಂಬದ್ದು. ಕ್ಯಾರೆಟ್ಟಿನ ಕಿತ್ತಳೆ, ಚೆಂಡುಹೂವಿನ ಹಳದಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಎಲ್ಲ ಅಣ್ಣತಮ್ಮಂದಿರು. ಮೀನಿಗೆ ಇವನ್ನು ಮೈಯಲ್ಲೇ ತಯಾರಿಸಿಕೊಳ್ಳಲು ಬರುವುದಿಲ್ಲ. ತಿಂದೇ ಪಡೆಯಬೇಕು. ಹೊಳೆಯಲ್ಲಿ ಕಲ್ಲಿನ ಮೇಲೆ ಪಾಚಿ ಬೆಳೆಯುತ್ತದೆ, ಪಾಚಿಯನ್ನು ಸಣ್ಣ ಹುಳ, ಸಿಗಡಿ ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ಗಾಜಿನ ತೊಟ್ಟಿಯಲ್ಲಿ ಈ ಸರಪಳಿಯೇ ಇಲ್ಲ. ಅಲ್ಲಿರುವುದು ನೀವು ಮತ್ತು ನಿಮ್ಮ ಕೈಯ ಡಬ್ಬಿ ಮಾತ್ರ.

ನಾಟಿ ಕೋಳಿ ಮೊಟ್ಟೆಯ ಭಂಡಾರ ಯಾಕೆ ಗಾಢ ಹಳದಿ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಅಂಗಳದ ಸೊಪ್ಪು ಹೆಕ್ಕಿ ತಿನ್ನುತ್ತದೆ, ಅದಕ್ಕೆ. ಮೀನಿನದೂ ಅದೇ ಲೆಕ್ಕ.

ಈ ಲೆಕ್ಕ ನನಗೆ ತಲೆಗೆ ಹತ್ತಿದ್ದು ಒಂದು ಪೆದ್ದುತನ ಮಾಡಿದ ಮೇಲೆ. ಬಹಳ ವರ್ಷಗಳ ಹಿಂದೆ ನನ್ನ ಹತ್ತಿರ ಎರಡು ಗೋಲ್ಡ್‌ಫಿಶ್ ಇದ್ದವು. ತಂದಾಗ ಒಳ್ಳೆ ಕಿತ್ತಳೆ ಹಣ್ಣಿನ ಬಣ್ಣ. ಆರು ತಿಂಗಳಲ್ಲಿ ಹಳೇ ಪಂಚೆಯ ಹಾಗೆ ಮಾಸಿಹೋದವು. ಕೆಂಪು ತರಕಾರಿ ಕೊಟ್ಟರೆ ಕೆಂಪಾಗುತ್ತವೆ ಅಂತ ನಾನೇ ತೀರ್ಮಾನ ಮಾಡಿ, ಬೀಟ್‌ರೂಟ್ ಬೇಯಿಸಿ, ತುರಿದು ಹಾಕಿದೆ. ಸಂಜೆಗೆ ತೊಟ್ಟಿಯ ನೀರು ಕೋಕಂ ಶರಬತ್ತಿನ ಹಾಗಾಯಿತು. ಅದರ ನಡುವೆ ಎರಡು ಬಿಳಿಚಿದ ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ನಮ್ಮ ಮನೆಯವಳು ಬಂದು ನೋಡಿ, "ಮೀನು ಸಾರಿಗೆ ಹುಳಿ ಯಾವಾಗ ಹಾಕ್ತೀರಿ?" ಅಂದಳು.

ತಪ್ಪು ಎಲ್ಲಿ ಅಂತ ತಿಳಿಯಬೇಕಾದರೆ ಅಡುಗೆಮನೆಗೇ ಹೋಗಬೇಕು. ಸಾರಿಗೆ ಮೆಣಸಿನಪುಡಿ ಹಾಕಿ ಒಗ್ಗರಣೆ ಕೊಟ್ಟಾಗ ಮೇಲೆ ಕೆಂಪೆಣ್ಣೆ ತೇಲುತ್ತದೆ, ಅಲ್ವಾ? ಮೆಣಸಿನ ಬಣ್ಣ ಎಣ್ಣೆಯಲ್ಲಿ ಕರಗಿದೆ. ಬೀಟ್‌ರೂಟ್ ಪಲ್ಯ ಮಾಡುವಾಗ ಕೈಗೆ, ನೀರಿಗೆ, ಅನ್ನಕ್ಕೆ ಎಲ್ಲ ಬಣ್ಣ ಹತ್ತುತ್ತದೆ. ಅದು ನೀರಿನಲ್ಲಿ ಕರಗುವ ಬೇರೆಯದೇ ಬಣ್ಣ, ಕ್ಯಾರೊಟಿನಾಯ್ಡ್ ಅಲ್ಲ. ಮೀನಿನ ಚರ್ಮಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಮೀನಿಗೆ ಬೇಕಾದದ್ದು ಎಣ್ಣೆಯ ಜೊತೆ ಹೋಗುವ ಕೆಂಪು. ಸ್ವಲ್ಪವೂ ಕೊಬ್ಬಿಲ್ಲದ ಆಹಾರದಲ್ಲಿ ಎಷ್ಟು ಕ್ಯಾರೆಟ್ ಇದ್ದರೂ ಮೈಗೆ ಹತ್ತುವುದು ಕಡಿಮೆ.

ಯಾವುದು ಕೊಡಬೇಕು? ಸಿಪ್ಪೆ ಸಮೇತ ಸಿಗಡಿ ಮೊದಲನೆಯದು. ಬಣ್ಣ ಇರುವುದೇ ಸಿಪ್ಪೆಯಲ್ಲಿ, ನಾವು ಅದನ್ನೇ ಕಿತ್ತು ಎಸೆಯುತ್ತೇವೆ. ಸಂತೆಯ ಒಣ ಸಿಗಡಿಯಾದರೆ ಉಪ್ಪು ಹೋಗುವವರೆಗೆ ನೆನೆಸಿ, ಮೂರು ನಾಲ್ಕು ಸಲ ತೊಳೆಯಿರಿ. ಎರಡನೆಯದು ಸ್ಪಿರುಲಿನಾ ಅನ್ನುವ ನೀಲಿ-ಹಸಿರು ಪಾಚಿಯ ಪುಡಿ. ನೋಡಲು ಕಡು ಹಸಿರು, ಇದರಿಂದ ಕೆಂಪು ಹೇಗೆ ಅಂತ ಕೇಳುತ್ತಾರೆ. ಅದರಲ್ಲಿ ಜೀಯಾಕ್ಸಾಂಥಿನ್ ಅನ್ನುವ ಹಳದಿ ಇದೆ. ಗೋಲ್ಡ್‌ಫಿಶ್ ಮತ್ತು ಕೋಯಿ ಅನ್ನುವ ಬಣ್ಣದ ಕಾರ್ಪ್ ಮೀನು ಅದನ್ನು ತಮ್ಮ ಮೈಯಲ್ಲಿ ಅಸ್ಟಾಕ್ಸಾಂಥಿನ್ ಆಗಿ ಬದಲಾಯಿಸಿಕೊಳ್ಳುತ್ತವೆ. ಎಲ್ಲ ಮೀನಿಗೂ ಈ ಕಲೆ ಒಂದೇ ಥರ ಬರುವುದಿಲ್ಲ. ಮನೆಯಂಗಳದ ಚೆಂಡುಹೂವಿನ ಎಸಳೂ ಆಗುತ್ತದೆ. ಹಬ್ಬಕ್ಕೆ ಕೊಂಡು ತಂದ ಹಾರದ್ದು ಬೇಡ, ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೋ. ಮೆಣಸಿನಪುಡಿ ಡಬ್ಬಿಯನ್ನು ಸೀದಾ ತೊಟ್ಟಿಯ ಮೇಲೆ ಅಲ್ಲಾಡಿಸುವ ಸಾಹಸವೂ ಬೇಡ.

ಶೃಂಗೇರಿಯಲ್ಲಿ ಮೀನಿಗೆ ಮಂಡಕ್ಕಿ ಹಾಕಿದ ಅಭ್ಯಾಸದಲ್ಲಿ ಮನೆ ಮೀನಿಗೂ ಹಾಕುವವರಿದ್ದಾರೆ. ಅಲ್ಲಿನ ಮೀನಿಗೆ ಹಿಂದೆ ಮುಂದೆ ಇಡೀ ತುಂಗೆ ಇದೆ. ಮನೆ ಮೀನಿಗೆ ಮಂಡಕ್ಕಿಯೊಂದೇ ಗತಿ.

ಇನ್ನು ಅಂಗಡಿಯ ಆಹಾರ. ಒಳ್ಳೆಯ ಕಾಳುಗಳಲ್ಲಿ ಅಸ್ಟಾಕ್ಸಾಂಥಿನ್ ಸೇರಿಸಿರುತ್ತಾರೆ. ಪ್ಯಾಕೆಟ್ಟಿನ ಹಿಂದೆ ಓದಿ. ಕಾಳು ಕೆಂಪಗಿದೆ ಅಂತ ಕೊಳ್ಳಬೇಡಿ, ಅದು ನಮ್ಮ ಕಣ್ಣಿಗಾಗಿ ಹಾಕಿದ ಬಣ್ಣವೂ ಇರಬಹುದು. ಕ್ಯಾರೊಟಿನಾಯ್ಡ್ ಬೆಳಕಿಗೆ, ಗಾಳಿಗೆ, ಬಿಸಿಗೆ ಹಾಳಾಗುತ್ತದೆ. ನಮ್ಮಲ್ಲಿ ಮಳೆಗಾಲಕ್ಕೆ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ, ಮೀನಿನ ಕಾಳು ಬೂಸ್ಟು ಹಿಡಿಯದೆ ಇರುತ್ತದೆಯೇ? ಅಗ್ಗ ಅಂತ ಅರ್ಧ ಕೆಜಿ ತರಬೇಡಿ. 50 ಗ್ರಾಂ ತನ್ನಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಕತ್ತಲಲ್ಲಿ ಇಡಿ. ಬೂಸ್ಟಿನ ವಾಸನೆ ಬಂದರೆ ಯೋಚನೆ ಮಾಡದೆ ಎಸೆಯಿರಿ.

ಆಹಾರದಿಂದ ಆಗದ ಕೆಲಸಗಳೂ ಇವೆ. ನಿಯಾನ್ ಟೆಟ್ರಾ ಅನ್ನುವ ಪುಟ್ಟ ಮೀನಿನ ಕೆಂಪು ಪಟ್ಟಿ ಊಟದ ಬಾಬತ್ತು, ನೀಲಿ ಪಟ್ಟಿ ಅಲ್ಲ. ಆ ನೀಲಿ ಚರ್ಮದೊಳಗಿನ ತೆಳು ಗ್ವಾನೀನ್ ಹರಳುಗಳು ಬೆಳಕಿನ ಜೊತೆ ಆಡುವ ಆಟ. ಬೆಳಗಿನ ಜಾವ ಎದ್ದು ದೀಪ ಹಾಕಿ ನೋಡಿ, ನಿಯಾನ್‌ಗಳು ಬೂದಿ ಬಳಿದುಕೊಂಡ ಹಾಗೆ ನಿಂತಿರುತ್ತವೆ. ಕಾಫಿ ಕುಡಿದು ಬರುವಷ್ಟರಲ್ಲಿ ಪಟ್ಟಿ ವಾಪಸ್ ಬಂದಿರುತ್ತದೆ. ರೋಗ ಅಂತ ಹೆದರಿ ಔಷಧಿ ಸುರಿಯಬೇಡಿ. ತಳಕ್ಕೆ ಬಿಳಿ ಕಲ್ಲು ಹಾಕಿದರೆ ಎಷ್ಟೋ ಮೀನು ತಾವೂ ಬಿಳಿಚಿಕೊಳ್ಳುತ್ತವೆ. ಕಪ್ಪು ಮರಳು ಹಾಕಿ, ಹಿಂದೆ ಒಂದು ಕಪ್ಪು ಕಾಗದ ಅಂಟಿಸಿ. ಖರ್ಚು ಕಡಿಮೆ, ಗುಣ ಬೇಗ. ವಂಶದಲ್ಲೇ ಬಿಳಿಯಾಗುವುದು ಬರೆದಿರುವ ಗೋಲ್ಡ್‌ಫಿಶ್‌ಗೆ ಮಾತ್ರ ಯಾವ ಊಟವೂ ನಾಟುವುದಿಲ್ಲ. ಕೋಯಿಗೆ ಬಣ್ಣದ ಊಟ ಜಾಸ್ತಿಯಾದರೆ ಬಿಳಿ ಭಾಗವೂ ಹಳದಿ ತಿರುಗುತ್ತದೆ.

ಅಂಗಡಿಯಲ್ಲಿ ಮರಿ ಮೀನೇ ಅಬ್ಬರದ ಬಣ್ಣದಲ್ಲಿದ್ದರೆ ಸ್ವಲ್ಪ ಅನುಮಾನ ಇರಲಿ. ಹಾರ್ಮೋನ್ ಕೊಟ್ಟು ಬರಿಸಿದ ಬಣ್ಣ ಕೆಲವು ವಾರಕ್ಕೆ ಇಳಿಯುತ್ತದೆ. ಗಾಜಿನಂಥ ಮೀನಿಗೆ ಸೂಜಿಯಲ್ಲಿ ಬಣ್ಣ ಚುಚ್ಚಿ ಮಾರುವುದೂ ಇದೆ. ಅದನ್ನು ಕೊಳ್ಳಲೇಬೇಡಿ.

ಗಪ್ಪಿ ಗೊತ್ತಲ್ಲ, ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗೆ, ತೊಟ್ಟಿಗೆ ಬಿಡುವ ಮೀನು. ಅದರ ತವರು ಟ್ರಿನಿಡಾಡ್ ಕಡೆ. ಅಲ್ಲಿ ದಟ್ಟ ಕಾಡಿನೊಳಗಿನ ಹಳ್ಳಗಳಿಗೆ, ನಮ್ಮ ಆಗುಂಬೆ ಹಳ್ಳಗಳ ಹಾಗೆ, ಬಿಸಿಲು ಬೀಳುವುದು ಕಡಿಮೆ. ಬಿಸಿಲಿಲ್ಲದೆ ಪಾಚಿ ಕಡಿಮೆ, ಗಂಡು ಗಪ್ಪಿಯ ಕಿತ್ತಳೆ ಚುಕ್ಕೆಯಲ್ಲಿ ಕ್ಯಾರೊಟಿನಾಯ್ಡೂ ಕಡಿಮೆ. ಅಲ್ಲಿನ ಎಷ್ಟೋ ಹಳ್ಳಗಳಲ್ಲಿ ಹೆಣ್ಣು ಕಿತ್ತಳೆ ಜಾಸ್ತಿ ಇರುವ ಗಂಡನ್ನೇ ಆರಿಸುತ್ತದೆ. ಚೆನ್ನಾಗಿ ಹುಡುಕಿ ತಿನ್ನುವವನು ಯಾರು ಅಂತ ಆ ಚುಕ್ಕೆಯೇ ಹೇಳಿಬಿಡುತ್ತದೆ ಅಂತ ನನ್ನ ಊಹೆ.

ಕೊನೆಗೆ ನಾನು ಮಾಡುವ ಊಟ, ಬರೆದುಕೊಳ್ಳಿ. ಕಾಲು ಕೆಜಿ ಸಿಗಡಿ ಸಿಪ್ಪೆ ಸಮೇತ, ಒಂದು ಹಿಡಿ ಪಾಲಕ್, ಬೇಯಿಸಿದ ಒಂದು ಕ್ಯಾರೆಟ್, ಒಂದು ಚಮಚ ಸ್ಪಿರುಲಿನಾ, ಎರಡು ಹನಿ ಕಾಡ್ ಲಿವರ್ ಎಣ್ಣೆ. ಉಪ್ಪು ಬೇಡ. ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. 10 ಗ್ರಾಂ ಚೈನಾ ಗ್ರಾಸ್ ಅನ್ನು ನೀರಿನಲ್ಲಿ ಕುದಿಸಿ ಕರಗಿಸಿ, ಸ್ವಲ್ಪ ಆರಿದ ಮೇಲೆ ಕಲಸಿ, ತಟ್ಟೆಗೆ ತೆಳ್ಳಗೆ ಹುಯ್ಯಿರಿ. ಗಟ್ಟಿಯಾದ ಮೇಲೆ ಕತ್ತರಿಸಿ ಫ್ರೀಜರಿಗೆ. ವಾರಕ್ಕೆ ಎರಡು ದಿನ ಇದು, ಒಂದು ದಿನ ಉಪವಾಸ, ಉಳಿದ ದಿನ ಕಾಳು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಉಳಿದದ್ದು ಕೊಳೆತರೆ ನೀರಿಗೆ ಅಮೋನಿಯಾ ಸೇರುತ್ತದೆ, ಆಮೇಲೆ ಬಣ್ಣದ ಮಾತು ಬಿಡಿ, ಮೀನು ಉಳಿದರೆ ಸಾಕು ಅನ್ನಿಸುತ್ತದೆ. ಬದಲಾವಣೆ ಕಾಣಲು ಒಂದೂವರೆ, ಎರಡು ತಿಂಗಳು ಬೇಕು. ಇವತ್ತೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ದಿನಾ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ.

ಈ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಸ್ವಲ್ಪ ತಂದಿದ್ದೇನೆ. ಡಬ್ಬಿ ತಂದವರು ಒಂದೊಂದು ತುಂಡು ತಗೊಳ್ಳಿ. ಸಾಗರದವರು ಮೊದಲು ಬನ್ನಿ, ನಿಮಗೆ ದೂರ, ಕರಗಿಬಿಡುತ್ತದೆ. ಮನೆಯ ಫ್ರೀಜರಿನಲ್ಲಿ ಇಡುವಾಗ ಮೇಲೊಂದು ಚೀಟಿ ಅಂಟಿಸಿ. ನೋಡಲು ಥೇಟ್ ಪುದೀನ ಚಟ್ನಿಯ ಹಾಗೇ ಇರುತ್ತದೆ.